ಏಳನೆಯ ಅಧ್ಯಾಯದ ಪ್ರಶ್ನೆ ಚಿಹ್ನೆಗಳು

"ಇದನ್ನ ಮತ್ತೆ ಅಕ್ಷರ ಮಾಡೋಕಾಗಲ್ಲ ಸಾರ್," ಎಂದ ಆತ್ರೇಯ. "ಆಗೋ ಹಾಗಿದ್ದಿದ್ರೆ ನಾನೇ ಮಾಡಿರ್ತಿದ್ದೆ."

ಕಂಪ್ಯೂಟರ್ ಪರದೆಯ ತುಂಬ ಪ್ರಶ್ನೆ ಚಿಹ್ನೆಗಳು. ಪದಗಳ ನಡುವಿನ ಜಾಗ ಹಾಗೇ ಇತ್ತು. ಪೂರ್ಣವಿರಾಮ, ಅಲ್ಪವಿರಾಮ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಕನ್ನಡ ಮಾತ್ರ ಇರಲಿಲ್ಲ.

ರಜನೀಶ್ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡ. ಪೊಲೀಸ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹಾಸನದಲ್ಲಿ ಪತ್ತೇದಾರಿ ಕಚೇರಿ ತೆರೆದಾಗಿನಿಂದ ಅವನು ಕಳುವಾದ ಒಡವೆ ಹುಡುಕಿದ್ದ, ಓಡಿಹೋದ ಗಂಡಂದಿರನ್ನು ಹುಡುಕಿದ್ದ. ಒಂದು ಅಧ್ಯಾಯ ಹುಡುಕಿಕೊಡಿ ಎಂದು ಬಂದವಳು ಶಿವರಂಜನಿ ಒಬ್ಬಳೇ.

ಅವಳು ಅರಕಲಗೂಡಿನ ಶಾಲೆಯೊಂದರಲ್ಲಿ ಟೀಚರು. ಅವಳ ಅಜ್ಜಿ ಶಿವಗಂಗಮ್ಮ ಹಾಸನದ ಸಣ್ಣ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದವರು. ಕಣ್ಣು ಮಂಜಾದ ಮೇಲೆ ತಮ್ಮ ಬದುಕನ್ನು ಮೊಮ್ಮಗಳಿಗೆ ಹೇಳಿ ಬರೆಸಿ, ಈ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಅದನ್ನು ಇ-ಪುಸ್ತಕ ಮಾಡುತ್ತಿದ್ದವನು ಆತ್ರೇಯ, ಸಾಲಗಾಮೆ ರಸ್ತೆಯ ಈ ಮಹಡಿ ಕೋಣೆಯಲ್ಲಿ. ಉಳಿದೆಲ್ಲ ಅಧ್ಯಾಯಗಳು ನೆಟ್ಟಗಿದ್ದವು. ಏಳನೆಯದು ಹೀಗಾಗಿತ್ತು.

"ನಿಮ್ಮ ಹತ್ರ ಮೂಲ ಇರಲಿಲ್ವಾ?" ರಜನೀಶ್ ಕೇಳಿದ.

"ಇತ್ತು. ಮೇ ತಿಂಗಳ ಸಿಡಿಲಿಗೆ ಕಂಪ್ಯೂಟರ್ ಸುಟ್ಟುಹೋಯ್ತು." ಶಿವರಂಜನಿ ಕಿಟಕಿಯ ಹತ್ತಿರ ನಿಂತಿದ್ದಳು. ಕೂರಲು ಹೇಳಿದರೂ ಕೂತಿರಲಿಲ್ಲ. "ಇವರ ಹತ್ರ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಈಗ ನೋಡಿದ್ರೆ ಹೀಗೆ. ಯಾರ ಮಾತು ಕೇಳಿ ಹೀಗೆ ಮಾಡಿದ್ರಿ ಅಂತ ಮೊದಲು ಇವರನ್ನೇ ಕೇಳಿ."

"ನಾನು ಮಾಡಿಲ್ಲ."

"ಹಾಗಾದ್ರೆ ಅದಾಗದೇ ಆಯ್ತಾ?"

ಆತ್ರೇಯ ಇನ್ನೊಂದು ಫೈಲು ತೆರೆದ. ಪರದೆಯ ಮೇಲೆ ಯಾವ ಭಾಷೆಯದೂ ಅಲ್ಲದ ಕಳೆ ಹಬ್ಬಿಕೊಂಡಿತು. ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಪುಟ್ಟ ಅಂಕಿ, ಮತ್ತೆ ಅದೇ ಅಕ್ಷರ.

"ಇದು ನಾಲ್ಕನೇ ಅಧ್ಯಾಯ. ಬೇಕಂತಲೇ ತಪ್ಪಾಗಿ ತೆರೆದಿದೀನಿ," ಎಂದ. "ಕನ್ನಡದ ಒಂದೊಂದು ಅಕ್ಷರಕ್ಕೂ ಫೈಲಿನೊಳಗೆ ಮೂರು ಮೂರು ಅಂಕಿ ಇರುತ್ತೆ ಸಾರ್. ಮೂರನ್ನೂ ಸೇರಿಸಿ ಓದಿದ್ರೆ ಕನ್ನಡ. ಬಿಡಿಬಿಡಿಯಾಗಿ ಓದಿದ್ರೆ ಈ ಕಳೆ. ಓದೋ ರೀತಿ ಬದಲಾಯಿಸಿದ್ರೆ ಸಾಕು."

ಅವನು ಮೆನುವಿನಲ್ಲಿ ಏನನ್ನೋ ಆರಿಸಿದ. ಕಳೆ ಮಾಯವಾಗಿ ಶಿವಗಂಗಮ್ಮನ ಮಾತು ಎದ್ದು ನಿಂತಿತು. ಶಿವರಂಜನಿ ಒಂದು ಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿದಳು.

"ಮತ್ತೆ ಏಳನೆಯದು?"

"ಅದರಲ್ಲಿ ಅಂಕಿಗಳೇ ಇಲ್ಲ. ಯಾರೋ ಅದನ್ನ ನೋಟ್‌ಪ್ಯಾಡಲ್ಲಿ ತೆರೆದು, ಆನ್ಸಿ ಅಂತ ಒಂದು ಹಳೇ ರೀತಿ ಇದೆ, ಅದರಲ್ಲಿ ಸೇವ್ ಮಾಡಿದಾರೆ. ಆ ರೀತೀಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಾಗಾಗಿ ಒಂದೊಂದು ಅಕ್ಷರ ತೆಗೆದು ಒಂದೊಂದು ಪ್ರಶ್ನೆ ಚಿಹ್ನೆ ಇಡುತ್ತೆ. ಅಲ್ಲಿ ಯಾವ ಅಕ್ಷರ ಇತ್ತು ಅನ್ನೋ ಗುರುತೂ ಉಳಿಯಲ್ಲ."

"ಕೈ ತಪ್ಪಿ ಆಗಿರಬಹುದಾ?"

ಆತ್ರೇಯ ತಲೆ ತಗ್ಗಿಸಿದ. "ಮೊದಲು ಆ ರೀತೀನ ನಾವೇ ಆರಿಸ್ಬೇಕು. ಆಮೇಲೂ ಅದು ಕೇಳುತ್ತೆ. ಹೀಗೆ ಸೇವ್ ಮಾಡಿದ್ರೆ ಅಕ್ಷರಗಳು ಹೋಗ್ತವೆ, ಪರವಾಗಿಲ್ವಾ ಅಂತ. ಇಂಗ್ಲಿಷಲ್ಲಿ. ಓಕೆ ಅಂದ್ರೇನೇ ಮಾಡೋದು."

"ಕೇಳಿಯೇ ಕೊಲ್ಲುತ್ತೆ ಅನ್ನಿ," ಎಂದ ರಜನೀಶ್.

ಅವನು ಮೌಸನ್ನು ತನ್ನ ಕೈಗೆ ತೆಗೆದುಕೊಂಡು ಪುಟವನ್ನು ನಿಧಾನವಾಗಿ ಕೆಳಕ್ಕೆ ಸರಿಸಿದ. ಕಳ್ಳ ಏನು ಕದ್ದ ಎನ್ನುವುದಕ್ಕಿಂತ ಏನು ಬಿಟ್ಟುಹೋದ ಎಂದು ನೋಡುವುದು ಅವನ ಹಳೆಯ ಅಭ್ಯಾಸ. ಪ್ರಶ್ನೆ ಚಿಹ್ನೆಗಳ ನಡುವೆ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಉಳಿದುಕೊಂಡಿತ್ತು. ಮೊದಲು 1969 ಎಂಬ ಇಸವಿ. ಸ್ವಲ್ಪ ಕೆಳಗೆ ಒಂದು ಪದ. ಬಹಳ ಕೆಳಗೆ, ಕೊನೆಯ ಹತ್ತಿರ, ಇನ್ನೊಂದು.

"ಇದೇನಮ್ಮ?"

ಶಿವರಂಜನಿ ಬಂದು ಬಗ್ಗಿದಳು. "ಕನ್ಸೆಂಟ್. ಆಪರೇಷನ್ನಿಗೆ ಮನೆಯವರು ಸಹಿ ಹಾಕಿ ಒಪ್ಪಿಗೆ ಕೊಡೋದು. ಅಜ್ಜಿ ಆಸ್ಪತ್ರೆ ಪದ ಎಲ್ಲಾ ಇಂಗ್ಲಿಷಲ್ಲೇ ಹೇಳೋರು. ನಾನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ತಿದ್ದೆ."

"ಈ ಅಧ್ಯಾಯದಲ್ಲಿ ಏನಿತ್ತು? ನೆನಪಿದ್ದಷ್ಟು ಹೇಳಿ."

ಅವಳು ಈಗ ಕೂತಳು. "ಒಬ್ಬ ಹುಡುಗಿ. ಮದುವೆ ಆಗಿರಲಿಲ್ಲ. ಗರ್ಭ ಒಡೆದು ರಕ್ತ ಹೋಗ್ತಿತ್ತಂತೆ, ಅಣ್ಣ ಕರ್ಕೊಂಡು ಬಂದ. ಆಪರೇಷನ್ ಮಾಡದೆ ಉಳಿಯೋ ಹಾಗಿರಲಿಲ್ಲ. ಅಪ್ಪ ಇಲ್ಲ, ಅಣ್ಣನೇ ಸಹಿ ಹಾಕ್ಬೇಕು. ಅವನು ಹಾಕಲಿಲ್ಲ. ಹೆಸರು ದಾಖಲಾಗುತ್ತೆ ಅಂತ. ಬಿಟ್ಟು ಹೊರಟುಹೋದ."

"ಆಮೇಲೆ?"

"ಅಜ್ಜಿ ಸಹಿ ಹಾಕಿದ್ರು. ಸಂಬಂಧ ಅಂತ ಇರೋ ಕಡೆ 'ಅಕ್ಕ' ಅಂತ ಬರೆದರಂತೆ. ಹುಡುಗಿ ಉಳೀತು. ಆ ಕೊನೇ ಪದ ಇದೆಯಲ್ಲ, ಡಿಸ್ಚಾರ್ಜ್, ಅದು ಅವಳದ್ದೇ. ಆಮೇಲೆ ಅವಳು ಬೇರೆ ಹೆಸರಿಟ್ಟುಕೊಂಡು ಬೇರೆ ಊರಲ್ಲಿ ಬದುಕಿದಳು. ಹಕ್ಕಿದೋ ಹೂವಿಂದೋ ಹೆಸರು, ನೆನಪಿಗೆ ಬರ್ತಿಲ್ಲ. ಹಳೇ ಹೆಸರು ಸರಸ."

"ಅಣ್ಣನ ಹೆಸರು?"

"ಅಜ್ಜಿ ಹೇಳಲೇ ಇಲ್ಲ. ನಾನು ಕೇಳಿದ್ರೆ, ಓದಿದ್ರೆ ಅವನಿಗೇ ಗೊತ್ತಾಗುತ್ತೆ ಬಿಡು ಅಂದ್ರು."

"ಕತೆ ನಿಮಗೆ ಗೊತ್ತಿದೆಯಲ್ಲ. ನೀವೇ ಮತ್ತೆ ಬರೀಬಹುದು."

"ನಾನು ಬರೆದ್ರೆ ಅದು ನನ್ನ ಕತೆ ಆಗುತ್ತೆ. ಸಹಿ ಹಾಕಿದ್ದು ನಾನಲ್ಲ." ಅವಳು ಮತ್ತೆ ಪರದೆಯತ್ತ ಬಗ್ಗಿದಳು. ಹುಬ್ಬು ಗಂಟಿಕ್ಕಿತು. "ಇದು ನಾನು ಟೈಪ್ ಮಾಡಿದ್ದಲ್ಲ."

"ಯಾವುದು?"

"ಕನ್ಸೆಂಟ್. ಇದರಲ್ಲಿ ಎಸ್ ಇದೆ. ನಾನು ಯಾವಾಗಲೂ ಅಲ್ಲಿ ಸಿ ಹಾಕ್ತೀನಿ. ನನ್ನ ಇಂಗ್ಲಿಷ್ ಸ್ಪೆಲಿಂಗ್ ಅಷ್ಟಕ್ಕಷ್ಟೇ. ಐದನೇ ಅಧ್ಯಾಯದಲ್ಲೂ ಈ ಪದ ಇದೆ, ತೆಗೀರಿ."

ಆತ್ರೇಯ ತೆಗೆದ. ಅಲ್ಲೂ ಸಿ ಹೋಗಿ ಎಸ್ ಬಂದಿತ್ತು.

ರಜನೀಶ್ ಏಳನೆಯ ಅಧ್ಯಾಯದ ಕೊನೆಯ ಪದಕ್ಕೆ ಹೋದ. ಡಿಸ್ಚಾರ್ಜ್. ಅದರಲ್ಲಿ ಒಂದು ಅಕ್ಷರವೇ ಬಿಟ್ಟುಹೋಗಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

"ಒಬ್ಬರು ಕೂತು ಓದಿದಾರೆ. ಕಾಗುಣಿತ ತಿದ್ದುತ್ತಾ ಓದಿದಾರೆ," ಎಂದ ನಿಧಾನವಾಗಿ. "ಈ ಕನ್ಸೆಂಟ್‌ವರೆಗೂ ಬಂದಿದಾರೆ. ಅದನ್ನೂ ತಿದ್ದಿದಾರೆ. ಆಮೇಲೆ ಮುಂದಕ್ಕೆ ಹೋಗಿಲ್ಲ. ಹೋಗಿದ್ರೆ ಈ ಡಿಸ್ಚಾರ್ಜನ್ನ ಹೀಗೆ ಬಿಡ್ತಿರಲಿಲ್ಲ. ಅಲ್ಲೇ ನಿಲ್ಲಿಸಿ ಎಲ್ಲಾ ಅಳಿಸಿದಾರೆ." ಅವನು ಆತ್ರೇಯನ ಕಡೆ ತಿರುಗಿದ. "ಕರಡು ತಿದ್ದೋಕೆ ಯಾರಿಗೆ ಕೊಟ್ಟಿದ್ರಿ?"

ಆತ್ರೇಯ ಮೇಜಿನ ಅಂಚನ್ನು ಉಜ್ಜುತ್ತಾ ಕೂತ.

"ಹೇಳ್ದೆ ಇದ್ರೆ ಇವರು ನೀವೇ ಅಂತಲೇ ತಿಳ್ಕೊಂಡಿರ್ತಾರೆ."

"ನಮ್ಮ ಮೇಷ್ಟ್ರು," ಎಂದ ಆತ್ರೇಯ. "ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹ ಅಂತ. ನನಗೆ ಕಾಲೇಜಲ್ಲಿ ಇಂಗ್ಲಿಷ್ ಹೇಳಿಕೊಟ್ಟೋರು. ಹಾಸನದ ಆಸ್ಪತ್ರೇಲಿದ್ದ ಶಿವಗಂಗಮ್ಮ ಅನ್ನೋ ನರ್ಸ್ ಪುಸ್ತಕ ಮಾಡ್ತಿದೀನಿ ಅಂದಾಗ, ನಾನೇ ಮುನ್ನುಡಿ ಬರೀತೀನಿ, ಕರಡನ್ನೂ ನೋಡ್ತೀನಿ ಅಂದ್ರು. ನಾನಾಗಿ ಕೇಳಿರಲಿಲ್ಲ. ಪೆನ್ ಡ್ರೈವಲ್ಲಿ ಕೊಟ್ಟೆ. ತಿದ್ದಿ ವಾಪಸ್ ಕೊಟ್ರು. ಹಳೆಯದರ ಮೇಲೇ ಹಾಕಿಬಿಟ್ಟೆ ಸಾರ್, ಒಂದು ಸಲ ತೆರೆದೂ ನೋಡಲಿಲ್ಲ. ಅವರ ಕೈ ದಾಟಿ ಬಂದದ್ದನ್ನ ಮತ್ತೆ ನೋಡೋದಾ ಅಂತ."

ಅವನನ್ನು ದೂರಿದ್ದಕ್ಕೆ ಶಿವರಂಜನಿಯ ಮುಖ ಸಪ್ಪಗಾಗಿತ್ತು.

"ಬೇರೆ ಯಾರಿಗೂ ಕೊಟ್ಟಿಲ್ವಾ ಇದನ್ನ?" ರಜನೀಶ್ ಅವಳನ್ನು ಕೇಳಿದ.

"ಚನ್ನರಾಯಪಟ್ಟಣದಲ್ಲಿ ನಮ್ಮ ಮಾವ ಇದಾರೆ, ಚಂದ್ರಯ್ಯ ಅಂತ. ಅಜ್ಜಿ ಮಗ. ಕೊಬ್ಬರಿ ಮಂಡಿ. ಅವರಿಗೆ ಒಂದು ಕೊಟ್ಟಿದ್ದೆ. ಅಂಗಡಿ ಕಂಪ್ಯೂಟರಲ್ಲಿ ತೆರೆದ್ರೆ ಎಲ್ಲಾ ಹಾಳಾಗಿದೆ ಅಂದ್ರು. ಅದೂ ಹೋಯ್ತು."

"ಹೇಗೆ ಹಾಳಾಗಿದೆ?"

"ಅಂದ್ರೆ?"

"ಪ್ರಶ್ನೆ ಚಿಹ್ನೆಯಾ, ಕಳೆಯಾ? ಈಗಲೇ ಕೇಳಿ."

ಅವಳು ಮೊಬೈಲಿನಲ್ಲಿ ಮಾವನನ್ನು ಹಿಡಿದು ಸ್ಪೀಕರ್ ಹಾಕಿದಳು. ಹಿನ್ನೆಲೆಯಲ್ಲಿ ಮಂಡಿಯ ಗದ್ದಲ.

"ಅದಾ ಕಣವ್ವ, ಐತಲ್ಲ, ತೆಗೆದಾಕಿಲ್ಲ," ಎಂದ ಚಂದ್ರಯ್ಯ. "ನಮ್ಮ ಲೆಕ್ಕದ ಉಡುಗ ತೆಗ್ದು, ಅಂಗೇ ಸೇವ್ ಮಾಡ್ಬುಟ್ಟವ್ನೆ. ಓದಕ್ಕಾಯ್ತದಾ ಅದ? ಪುಟದ ತುಂಬಾ ಟೋಪಿ ಆಕ್ಕಂಡಿರೋ 'ಎ' ಗೊಳು. ಅವ್ವ ಅಷ್ಟು ಕಷ್ಟ ಬಿದ್ದು ಹೇಳಿದ್ದು ಇಂಗಾಯ್ತಲ್ಲ ಅಂತ ಸಂಕ್ಟ ಆಯ್ತು ಕಣ. ಅಳಿಸಕ್ಕೆ ಮನಸು ಬರ್ಲಿಲ್ಲ."

ಆತ್ರೇಯ ಎದ್ದು ನಿಂತಿದ್ದ. "ಅದನ್ನ ಯಾರೂ ಮುಟ್ಟಬಾರದು ಅಂತ ಹೇಳಿ. ತೆರೆಯೋದೂ ಬೇಡ. ಹಾಗೇ ತನ್ನಿ."

ಶಿವರಂಜನಿ ಚನ್ನರಾಯಪಟ್ಟಣದ ಬಸ್ಸು ಹಿಡಿದಳು. ರಜನೀಶ್ ಹೊಳೆನರಸೀಪುರದ ಬಸ್ಸು ಹತ್ತಿದ.

ದೇವಸ್ಥಾನದ ಬೀದಿಯ ಆ ಮನೆಯ ಬಾಗಿಲು ತೆರೆದವನು ಅಡಿಗೆಗೂ ಮನೆಗೆಲಸಕ್ಕೂ ಇದ್ದ ದೇವಯ್ಯ. ಹಜಾರದಲ್ಲಿ ಲಕ್ಷ್ಮೀನರಸಿಂಹ ಕಂಪ್ಯೂಟರಿನ ಮುಂದೆಯೇ ಕೂತಿದ್ದರು. ಇಸ್ತ್ರಿಯ ಬಿಳಿ ಅಂಗಿ, ಮೂಗಿನ ತುದಿಯಲ್ಲಿ ಕನ್ನಡಕ. ಅತಿಥಿಯನ್ನು ನೋಡಿ ಎದ್ದು ನಿಂತರು.

"ಬನ್ನಿ. ಆತ್ರೇಯ ಫೋನ್ ಮಾಡಿದ್ದ. ಒಂದು ಫೈಲು ಕೆಟ್ಟಿದೆಯಂತೆ. ಪಾಪ, ಆ ಹುಡುಗಿಗೆ ಎಷ್ಟು ಬೇಜಾರಾಗಿರಬೇಕು."

"ನಿಮ್ಮ ಕಂಪ್ಯೂಟರಲ್ಲೇ ಕೆಟ್ಟಿದ್ದು ಸರ್."

"ಇರಬಹುದು. ನಾನು ವಯಸ್ಸಾದ ಮೇಲೆ ಕಲಿತವನು. ಏನೋ ಒಂದು ಚೌಕ ಬಂತು, ಏನೋ ಕೇಳಿತು. ಅರ್ಥ ಆಗಲಿಲ್ಲ, ಓಕೆ ಒತ್ತಿದೆ."

"ಅದು ಕೇಳಿದ್ದು ಇಂಗ್ಲಿಷಲ್ಲಿ," ಎಂದ ರಜನೀಶ್.

ಲಕ್ಷ್ಮೀನರಸಿಂಹ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು.

"ನಿಮ್ಮ ಶಿಷ್ಯರು ಈ ಜಿಲ್ಲೆ ತುಂಬಾ ಇದಾರೆ ಸರ್. ನಿಮಗೆ ಆ ವಾಕ್ಯ ಅರ್ಥ ಆಗಲಿಲ್ಲ ಅಂದ್ರೆ ಅವರಲ್ಲಿ ಒಬ್ಬರೂ ನಂಬಲ್ಲ. ಅಳಿಸೋ ಮೊದಲು ಕನ್ಸೆಂಟ್ ಅನ್ನೋದರ ಸ್ಪೆಲಿಂಗ್ ಸರಿ ಮಾಡಿದೀರಿ. ಅದು ಉಳಿದುಕೊಂಡಿದೆ."

ಅವರ ಕೈ ನಿಂತಿತು. ಒಳಗೆ ದೇವಯ್ಯ ಪಾತ್ರೆ ಇಡುವ ಸದ್ದು ಕೇಳಿಸಿತು. ಲಕ್ಷ್ಮೀನರಸಿಂಹ ಎದ್ದು ಹೋಗಿ ನಡುಮನೆಯ ಬಾಗಿಲು ಮುಂದೆ ಮಾಡಿ ಬಂದರು.

"ತಪ್ಪು ಕಂಡರೆ ಕೈ ಸುಮ್ಮನಿರಲ್ಲ," ಎಂದರು. ನಕ್ಕಂತಾಯಿತು, ನಗೆಯಾಗಿರಲಿಲ್ಲ. "ನೀವು ಏನು ತಿಳ್ಕೊಂಡು ಬಂದಿದೀರಿ?"

"ಸರಸ ನಿಮಗೆ ಏನಾಗಬೇಕು ಅಂತ ತಿಳಿಯೋಕೆ ಬಂದಿದೀನಿ."

ಆ ಹೆಸರನ್ನು ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಿ ಬಹಳ ಕಾಲವಾಗಿತ್ತೆಂದು ಅವರ ಮುಖವೇ ಹೇಳಿತು.

"ತಂಗಿ," ಎಂದರು. "ನನಗಿಂತ ತುಂಬಾ ಚಿಕ್ಕವಳು. ಅಪ್ಪ ಹೋದ ಮೇಲೆ ನಾನೇ ಓದಿಸ್ತಿದ್ದೆ. ಇಂಗ್ಲಿಷ್ ಪದ್ಯ ನನಗಿಂತ ಚೆನ್ನಾಗಿ ಓದೋಳು. ಊರಿಗೆಲ್ಲ ಜ್ವರ ಬಂದು ಹೋದಳು ಅಂತ ಹೇಳಿದೆ. ಅವತ್ತಿನ ಊರು ನಿಮಗೆ ಗೊತ್ತಿಲ್ಲ."

"ಊರು ಗೊತ್ತು ಸರ್. ಸಹಿ ಯಾಕೆ ಹಾಕಲಿಲ್ಲ?"

"ಹಾಕಿದ್ದರೆ ಹೆಸರು, ಮನೆ, ಕಾಯಿಲೆ ಎಲ್ಲಾ ಕಾಗದದ ಮೇಲೆ ಬರ್ತಿತ್ತು. ಹಾಸನದಿಂದ ಇಲ್ಲಿಗೆ ಸುದ್ದಿ ಬರೋಕೆ ಒಂದು ಬಸ್ಸು ಸಾಕಾಗಿತ್ತು. ಅಮ್ಮ ಇದ್ದಳು. ನನಗೆ ಕೆಲಸ ಸಿಕ್ಕಿ ಇನ್ನೂ ವರ್ಷ ಆಗಿರಲಿಲ್ಲ." ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಇವೆಲ್ಲ ಕಾರಣ ಅಲ್ಲ ಅಂತ ನನಗೂ ಗೊತ್ತು. ಆ ನರ್ಸ್ ನನ್ನ ಹಿಂದೆಯೇ ಮೆಟ್ಟಿಲ ತನಕ ಬಂದಳು. ನಾನು ಅವಳಿಗೆ ಒಂದೇ ಮಾತು ಹೇಳಿದೆ. ಉಳಿದರೆ ನನಗೆ ತಿಳಿಸಬೇಡಿ, ಹೋದರೆ ಮಾತ್ರ ಹೇಳಿ ಕಳಿಸಿ."

"ಹೇಳಿ ಕಳಿಸಿದ್ರಾ?" ಎಂದ ರಜನೀಶ್.

"ಕೆಲ ದಿನ ಏನೂ ಬರಲಿಲ್ಲ. ಆಮೇಲೆ ಹಾಸನದ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಬಂದು, ಆಸ್ಪತ್ರೆಯ ಶಿವಗಂಗಮ್ಮ ಹೇಳಿ ಕಳಿಸಿದಾರೆ ಅಂದ. ಒಂದೇ ಪದ. 'ಹೋದಳು.'"

"ನೀವು ಹೋಗಿ ನೋಡಲಿಲ್ವಾ?"

"ಇಲ್ಲ. ದೇಹ ತಂದ್ರೆ ಊರು ಕೇಳುತ್ತೆ. ಅವರೇ ಮಾಡಿ ಮುಗಿಸಿರ್ತಾರೆ ಅಂದುಕೊಂಡೆ. ನಾನು ಹೊಳೆ ದಡದಲ್ಲಿ ಕರ್ಮ ಮಾಡಿದೆ. ಪ್ರತಿ ವರ್ಷ ಅವಳ ತಿಥಿ ಮಾಡ್ತೀನಿ. ಒಂದು ವರ್ಷವೂ ತಪ್ಪಿಸಿಲ್ಲ." ಅವರ ದನಿ ಮೊದಲ ಬಾರಿಗೆ ಒರಟಾಯಿತು. "ನಾನು ಮದುವೆ ಆಗಲಿಲ್ಲ. ಶಿಕ್ಷೆ ಅನುಭವಿಸಿದೀನಿ. ಈಗ ಆ ಹೆಂಗಸು ಸಾಯೋ ಕಾಲಕ್ಕೆ ಅದನ್ನ ಲೋಕಕ್ಕೆಲ್ಲ ಓದೋಕೆ ಕೊಡ್ತೀನಿ ಅಂದ್ರೆ ಯಾವ ನ್ಯಾಯ? ಹುಡುಗಿ ಹೆಸರನ್ನೂ ಬಿಟ್ಟಿರಲಿಲ್ಲ. ನಾನು ಉಳಿಸಿದ್ದು ನನ್ನ ಮಾನ ಅಲ್ಲ, ಅವಳದ್ದು."

"ಅಧ್ಯಾಯ ಪೂರ್ತಿ ಓದಿದ್ರಾ ಸರ್?"

"ಸಹಿಯ ಸಾಲಿನವರೆಗೆ ಓದಿದೆ. ಮುಂದಿನದು ನನಗೆ ಗೊತ್ತಿರೋದೇ. ಅವಳು ಹೇಗೆ ಸತ್ತಳು ಅಂತ ಬೇರೆಯವರ ಬಾಯಲ್ಲಿ ಓದೋ ಶಕ್ತಿ ಇರಲಿಲ್ಲ."

ರಜನೀಶನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಇನ್ನೊಂದು ಪುಟ ಓದಿದ್ದರೆ ಸಾಕಿತ್ತು ಎನ್ನುವಷ್ಟೇ ಚಿಕ್ಕ ಮಾತು. ಪೊಲೀಸ್ ಕೆಲಸದಲ್ಲಿ ಅವನು ಸಾವಿನ ಸುದ್ದಿ ಹೊತ್ತು ಎಷ್ಟೋ ಬಾಗಿಲು ಬಡಿದಿದ್ದ. ಬದುಕಿರುವ ಸುದ್ದಿ ಇಷ್ಟು ಭಾರವಾಗಿ ಕಂಡದ್ದು ಇದೇ ಮೊದಲು. ಆದರೆ ಆ ಮಾತು ಅವನದಾಗಿರಲಿಲ್ಲ. ಸಹಿ ಹಾಕಿದವಳ ಮನೆಯವರದಾಗಿತ್ತು.

ಅವನು ಎದ್ದ. ಮೇಷ್ಟ್ರು ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

"ಕೇಸು ಹಾಕ್ತಾರಾ?"

"ಅಕ್ಷರ ಕೊಂದಿದ್ದಕ್ಕೆ ಯಾವ ಕಲಂ ಇದೆ ಸರ್," ಎಂದು ರಜನೀಶ್ ಚಪ್ಪಲಿ ಮೆಟ್ಟಿದ.

ಅವನು ಸಾಲಗಾಮೆ ರಸ್ತೆಯ ಮಹಡಿ ಹತ್ತುವಾಗ ಬಿಸಿಲು ಇಳಿದಿತ್ತು. ಶಿವರಂಜನಿ ಬಂದಾಗಿತ್ತು. ಪರದೆಯ ಮೇಲೆ ಚಂದ್ರಯ್ಯನ ಟೋಪಿ ಹಾಕಿದ ಅಕ್ಷರಗಳು ಸಾಲುಗಟ್ಟಿದ್ದವು.

"ಇದು ನೋಡಿ ಸಾರ್." ಆತ್ರೇಯ ಒಂದು ಕಡೆ ಬೆರಳಿಟ್ಟ. ಅಲ್ಲಿ à²¸à²°à²¸ ಎಂದಿತ್ತು. "ಇದು ಸರಸ. ತಪ್ಪಾಗಿ ಓದಿ, ಓದಿದ ತಪ್ಪನ್ನೇ ಬರೆದಿಟ್ಟಿದೆ. ಬಂದ ದಾರೀಲೇ ಹಿಂದಕ್ಕೆ ಹೋಗ್ಬೇಕು."

ಮೊದಲು ಮೂಲವನ್ನು ಮುಟ್ಟದೆ ಒಂದು ನಕಲು ಮಾಡಿಕೊಂಡ. ಆ ಕಳೆಯಲ್ಲಿ ಕನ್ನಡ ಅಕ್ಷರವಿರಲಿಲ್ಲವಾದ್ದರಿಂದ ಅದನ್ನು ಆನ್ಸಿ ರೀತಿಯಲ್ಲೇ ಸೇವ್ ಮಾಡಿದ. ಫೈಲು ಮುಚ್ಚಿ, ಈ ಸಲ ಮೂರು ಮೂರು ಅಂಕಿ ಸೇರಿಸಿ ಓದುವ ಯೂನಿಕೋಡ್ ರೀತಿಯಲ್ಲಿ ತೆರೆದ.

ಕನ್ನಡ ಬಂತು. ಆದರೆ ಮೈತುಂಬ ಗಾಯದೊಡನೆ. ಒತ್ತಕ್ಷರ ಇದ್ದಲ್ಲೆಲ್ಲ ಒಂದು ಖಾಲಿ ಚೌಕ.

"ಒತ್ತು ಕಟ್ಟೋ ಗುರುತಿನ ಕೊನೇ ಅಂಕಿಗೆ ಆ ಹಳೇ ಆನ್ಸಿ ಪಟ್ಟೀಲಿ ಅಕ್ಷರವೇ ಇಲ್ಲ. ದಾರೀಲಿ ಬಿದ್ದುಹೋಗಿದೆ," ಎಂದ ಆತ್ರೇಯ. "ಉಳಿದದ್ದೆಲ್ಲ ಇದೆ. ಚೌಕಗಳನ್ನ ಒಂದೊಂದಾಗಿ ತುಂಬಬೇಕು."

"ನಾನು ತುಂಬ್ತೀನಿ," ಎಂದಳು ಶಿವರಂಜನಿ. "ಅಜ್ಜಿ ಮಾತು ನನಗೆ ಗೊತ್ತು."

ಅವಳು ಕೀಲಿಮಣೆಯ ಮುಂದೆ ಕೂತಳು. ಅಣ□ಣ ಎಂದಿದ್ದದ್ದು ಅಣ್ಣ ಆಯಿತು. ಅಕ□ಕ ಎಂದಿದ್ದದ್ದು ಅಕ್ಕ ಆಯಿತು. ಅವಳು ಬಾಯಲ್ಲಿ ಸಣ್ಣಗೆ ಓದಿಕೊಳ್ಳುತ್ತಾ, ಅಜ್ಜಿ ಎಲ್ಲಿ ನಿಲ್ಲಿಸುತ್ತಿದ್ದರೋ ಅಲ್ಲಿ ನಿಲ್ಲಿಸುತ್ತಾ ಮುಂದೆ ಸಾಗಿದಳು. ಕೆಲಸ ನಡೆಯುತ್ತಿದ್ದಂತೆಯೇ ರಜನೀಶ್ ಹೊಳೆನರಸೀಪುರದ್ದನ್ನು ಹೇಳಿದ. ಅವಳ ಬೆರಳು ನಿಲ್ಲಲಿಲ್ಲ.

ಒಂದು ಸಾಲಿನ ಹತ್ತಿರ ಮಾತ್ರ ನಿಂತಿತು. "ಇದು," ಎಂದಳು. "ಟೈಪ್ ಮಾಡುವಾಗ ನನಗೆ ಅರ್ಥ ಆಗಿರಲಿಲ್ಲ."

ಪರದೆಯ ಮೇಲೆ ಶಿವಗಂಗಮ್ಮನ ಮಾತು ಹೀಗಿತ್ತು:

'ಉಳಿದರೆ ತಿಳಿಸಬೇಡಿ, ಹೋದರೆ ಹೇಳಿ ಕಳಿಸಿ ಅಂದಿದ್ದರು. ಹುಡುಗಿ ಡಿಸ್ಚಾರ್ಜ್ ಆದ ದಿನ ನಾನೇ ತುಮಕೂರಿನ ಬಸ್ಸು ಹತ್ತಿಸಿದೆ. ಅವರ ಊರಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿದೆ, ಹೋದಳು ಅಂತ. ನಾನು ಸುಳ್ಳು ಹೇಳಲಿಲ್ಲ. ಎಲ್ಲಿಗೆ ಹೋದಳು ಅಂತ ಕೇಳಬೇಕಾದವರು ಕೇಳಲಿಲ್ಲ.'

ರಜನೀಶನ ಮೊಬೈಲು ಬಡಿದುಕೊಂಡಿತು. ಲಕ್ಷ್ಮೀನರಸಿಂಹ.

"ತೊಂದರೆ ಕೊಡ್ತಿದೀನಿ," ಎಂದರು ಆ ಕಡೆಯಿಂದ. "ನೀವು ಹೋದ ಮೇಲೆ ಕೂರೋಕಾಗಲಿಲ್ಲ. ಅದರ ಇನ್ನೊಂದು ಪ್ರತಿ ಏನಾದರೂ ಸಿಕ್ಕಿದೆಯಾ? ಅಚ್ಚಾಗಬಾರದು ಅಂತ ಕೇಳ್ತಿಲ್ಲ. ಕೊನೆಗೆ ಅವಳು ನನ್ನನ್ನ ಕೇಳಿದಳಾ ಅಂತ ಇದೆಯಾ, ಅಷ್ಟು ಹೇಳಿ ಸಾಕು."

ರಜನೀಶ್ ಶಿವರಂಜನಿಯತ್ತ ನೋಡಿದ. ಅವಳು ಕೈ ಚಾಚಿ ಮೊಬೈಲು ತೆಗೆದುಕೊಂಡಳು.

"ನಾನು ಶಿವಗಂಗಮ್ಮನ ಮೊಮ್ಮಗಳು ಸರ್."

ಅವಳು ಪರದೆಯ ಮೇಲಿನ ಆ ಸಾಲನ್ನು ಇನ್ನೊಮ್ಮೆ ನೋಡಿದಳು.

"ಏನೂ ಉಳಿದಿಲ್ಲ ಸರ್," ಎಂದಳು. ದನಿ ಮಕ್ಕಳಿಗೆ ಪಾಠ ಹೇಳುವಷ್ಟೇ ಸ್ಪಷ್ಟವಾಗಿತ್ತು. "ಅವಳು ನಿಮ್ಮನ್ನ ಕೇಳಿದಳಾ, ಕೇಳಲಿಲ್ವಾ, ಇನ್ನು ಯಾರಿಗೂ ಗೊತ್ತಾಗಲ್ಲ. ನೀವು ತಿದ್ದಿದ ಇಂಗ್ಲಿಷ್ ಪದ ಒಂದಿದೆ. ಉಳಿದದ್ದೆಲ್ಲ ಪ್ರಶ್ನೆ ಚಿಹ್ನೆ."

ಮೊಬೈಲನ್ನು ಮೇಜಿನ ಮೇಲಿಟ್ಟಳು.

"ತಪ್ಪು ಮಾಡಿದ್ನಾ?" ಎಂದು ಕೇಳಿದಳು.

"ಅವರು ಇಷ್ಟು ವರ್ಷ ತಿಥಿ ಮಾಡಿದಾರೆ. ಇನ್ನೊಂದು ವರ್ಷ ಮಾಡ್ತಾರೆ," ಎಂದ ರಜನೀಶ್. ಆ ಮಾತು ಅವನಿಗೇ ಕಹಿಯಾಗಿ ಕೇಳಿಸಿತು. "ನಿಮಗೆ ಬೇಕಾದಾಗ ಹೇಳಬಹುದು. ಕೊನೆಯವರೆಗೂ ತುಂಬಿ."

ಅವಳು ತುಂಬುತ್ತಾ ಹೋದಳು. ಕೆಳಗಿನ ರಸ್ತೆಯಲ್ಲಿ ಸಿಟಿ ಬಸ್ಸುಗಳ ದೀಪ ಹತ್ತಿಕೊಳ್ಳುವ ಹೊತ್ತಿಗೆ ಕೊನೆಯ ಪ್ಯಾರಾಕ್ಕೆ ಬಂದಳು. ಅದರಲ್ಲಿ ಚೌಕಗಳು ಕಡಿಮೆ.

"ಸಿಕ್ತು," ಎಂದಳು. "ಹೆಸರು. ಹಕ್ಕಿದೇ ಅಂದಿದ್ನಲ್ಲ. 'ತುಮಕೂರಲ್ಲಿ ನರ್ಸ್ ಕೆಲಸ ಕಲಿತಳು, ನನ್ನ ಹಾಗೇ ಬಿಳಿ ಸೀರೆ ಉಟ್ಟಳು, ಸರಸ ಅಂತ ಕರೆದರೆ ತಿರುಗಿ ನೋಡೋದಿಲ್ಲ, ಈಗ ಅವಳು ಹಂಸ' ಅಂತಿದೆ."

ಆತ್ರೇಯ ಕುಡಿಯುತ್ತಿದ್ದ ಟೀ ಲೋಟವನ್ನು ಕೆಳಗಿಟ್ಟ.

"ಹಂಸಾನಾ?"

"ಯಾಕೆ?"

"ಸೋಮವಾರ ಆ ಹೆಸರಿನ ಒಬ್ಬರು ಫೋನ್ ಮಾಡಿದ್ರು. ವಯಸ್ಸಾದೋರ ದನಿ. ಶಿವಗಂಗಮ್ಮ ಮೊದಲೇ ಹೇಳಿದ್ರಂತೆ, ಅವರ ಪುಸ್ತಕ ಯಾವಾಗ ಬರುತ್ತೆ ಅಂತ ಕೇಳಿದ್ರು. ಬೇಗ ಬರುತ್ತೆ, ಲಕ್ಷ್ಮೀನರಸಿಂಹ ಮೇಷ್ಟ್ರು ಮುನ್ನುಡಿ ಬರೆದಿದಾರೆ ಅಂದೆ." ಅವನು ತುಟಿ ಒರೆಸಿಕೊಂಡ. "ಎಷ್ಟೋ ಹೊತ್ತು ಮಾತೇ ಇಲ್ಲ. ಲೈನ್ ಕಟ್ಟಾಯ್ತು ಅಂದುಕೊಂಡೆ. ಆಮೇಲೆ, ಅವರು ಈಗಲೂ ಅದೇ ಮನೇಲಿದಾರಾ ಅಂದ್ರು. ಅದೇ ಮನೆ ಅಂದ್ರೆ ಯಾವುದು ಅಂತ ನನಗೇನು ಗೊತ್ತು ಸಾರ್. ದೇವಸ್ಥಾನದ ಬೀದಿ ಅಂದೆ. ಸರಿ, ಗುರುವಾರ ಆ ಕಡೆ ಹೋಗೋದಿದೆ ಅಂದು ಇಟ್ಟುಬಿಟ್ರು."

ಅಂದು ಗುರುವಾರ.

ರಜನೀಶ್ ಆಗಲೇ ಹೊಳೆನರಸೀಪುರದ ನಂಬರು ಒತ್ತಿದ್ದ. ಬಹಳ ಹೊತ್ತು ಗಂಟೆ ಹೊಡೆದು, ಕೊನೆಗೆ ಯಾರೋ ಎತ್ತಿಕೊಂಡರು. ದೇವಯ್ಯ.

"ಮೇಷ್ಟ್ರಿಗೆ ಕೊಡಪ್ಪ."

"ಆಗಕಿಲ್ಲ ಸಾ. ಯಾರೋ ಎಂಗಸು ಬಂದವ್ರೆ, ಬಿಳೀ ಸೀರೆ. ಬಾಗ್ಲು ತೆಗ್ದಿದ್ದು ನಾನೇಯ. ಬುದ್ಯೋರು ಅವ್ರ ಮಕ ನೋಡಿ ಗ್ವಾಡೆ ಇಡ್ಕಂಡ್ಬುಟ್ರು. ಆಯಮ್ಮ ನನ್ನ ಆಚೆ ಓಗು ಅಂದು, ಒಳಗಿಂದ ಅಗಣಿ ಆಕ್ಕಂಡ್ರು."

"ಏನು ಮಾತಾಡ್ತಿದಾರೆ?"

"ನಾನು ಜಗಲಿ ಮ್ಯಾಲೆ ಕುಂತಿದ್ದೆ ಸಾ. ಮೊದ್ಲು ಬುದ್ಯೋರು ಅಳೋದು ಕೇಳಿಸ್ತು. ಆಮ್ಯಾಕೆ ಏನೋ ಬಿದ್ದಂಗಾಯ್ತು." ದೇವಯ್ಯನ ದನಿ ತಗ್ಗಿತು. "ನಡುಮನೇಲಿ ಪೋನು ಒಡ್ಕತಿತ್ತಲ್ಲ, ಇತ್ಲು ಬಾಗ್ಲಿಂದ ಬಂದು ಎತ್ಕಂಡೆ. ಅಜಾರದ ಬಾಗ್ಲು ಇನ್ನೂ ಅಗಣಿ ಆಕಿರಂಗೇ ಐತೆ. ಕರುದ್ರೆ ಇಬ್ರೂ ಓ ಅನ್ನಕಿಲ್ಲ ಸಾ."